ಮನೆಮಂದಿಯ ಜೊತೆ ಪೋಲಿಷ್ ಹಬ್ಬಕ್ಕೆ: ಶಿಕಾಗೊ, ಮಿಲ್ವಾಕಿ, ಟೊರಾಂಟೊ, ಡಾಯ್ಲ್ಸ್‌ಟೌನ್ ಪೈಕಿ ಯಾವುದು ಯಾರಿಗೆ?

ಉತ್ತರ ಅಮೆರಿಕದ ಪೋಲಿಷ್ ಹಬ್ಬಗಳ ಜಾಹೀರಾತು ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಪಿರೋಗಿ ಎಂಬ ಕಡುಬು, ಜಾನಪದ ಕುಣಿತ, ಬಿಯರ್, ಮಕ್ಕಳ ಮೂಲೆ. "ಎಲ್ಲಕ್ಕಿಂತ ದೊಡ್ಡ ಪೋಲಿಷ್ ಹಬ್ಬ ನಮ್ಮದೇ" ಎಂದು ಒಂದಕ್ಕಿಂತ ಹೆಚ್ಚು ಊರಿನವರು ಹೇಳಿಕೊಳ್ಳುತ್ತಾರೆ. ಆ ಜಗಳ ಅವರಿಗೇ ಇರಲಿ. ಚಿಕ್ಕ ಮಕ್ಕಳನ್ನೋ ಭಾರತದಿಂದ ಬಂದ ಅಪ್ಪ-ಅಮ್ಮನನ್ನೋ ಕರೆದುಕೊಂಡು ಹೋಗುವವರು ಮೊದಲು ನೋಡಬೇಕಾದ್ದು ಹಬ್ಬ ನಡೆಯುವ ನೆಲವನ್ನು. ಡಾಂಬರು ಅಂಗಳವೋ, ಸರೋವರದ ದಂಡೆಯೋ, ತೆರೆದ ಬೀದಿಯೋ, ಹುಲ್ಲಿನ ಗುಡ್ಡವೋ? ನೆರಳು, ಶೌಚಾಲಯ, ಕೂರುವ ಜಾಗ, ಮಗುವಿನ ಗಾಡಿ, ಮನೆಯ ಬುತ್ತಿ ಎಲ್ಲ ಅದರ ಮೇಲೆಯೇ ನಿಂತಿವೆ.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇವೆ. ಗಾಡಿಯಲ್ಲಿ ಕೂರುವ ಮಗು ಮತ್ತು ವಯಸ್ಸಾದವರು ಇಬ್ಬರೂ ಜೊತೆಗಿದ್ದರೆ ಮಿಲ್ವಾಕಿ. ಕಾರಿಲ್ಲದೆ ರೈಲಿನಲ್ಲಿ ಹೋಗಿ ಮೂರು ತಾಸಿನಲ್ಲಿ ವಾಪಸಾಗಬೇಕಿದ್ದರೆ ಶಿಕಾಗೊ. ದುಡ್ಡು ಕೊಡದೆ, ಮೊಸರನ್ನದ ಡಬ್ಬಿ ಹಿಡಿದು, ಬೇಜಾರಾದ ಗಳಿಗೆಯಲ್ಲಿ ಎದ್ದು ಬರಬೇಕೆಂದರೆ ಟೊರಾಂಟೊ. ಆರರಿಂದ ಹದಿಮೂರರೊಳಗಿನ ಮಕ್ಕಳಿದ್ದು, ಅವರಿಗೆ ತಿರುಗುವ ತೊಟ್ಟಿಲು, ಕತ್ತಿ ಹಿಡಿದ ಸೈನಿಕರು ಬೇಕೆಂದರೆ ಡಾಯ್ಲ್ಸ್‌ಟೌನ್.

ಶಿಕಾಗೊ: ಟೇಸ್ಟ್ ಆಫ್ ಪೊಲೋನಿಯಾ

ಪೊಲೋನಿಯಾ ಎಂದರೆ ಪೋಲೆಂಡಿನ ಹೊರಗೆ ನೆಲೆಸಿದ ಪೋಲಿಷ್ ಸಮುದಾಯ. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ರಜೆಗೆ ಹೊಂದಿಕೊಂಡ ವಾರಾಂತ್ಯದಲ್ಲಿ, ನಗರದ ವಾಯವ್ಯಕ್ಕಿರುವ ಜೆಫರ್ಸನ್ ಪಾರ್ಕ್ ಬಡಾವಣೆಯ ಕೊಪರ್ನಿಕಸ್ ಸೆಂಟರ್ ಆವರಣದಲ್ಲಿ ಈ ಹಬ್ಬ ನಡೆಯುತ್ತದೆ. ಕಟ್ಟಡ 1930ರಲ್ಲಿ ತೆರೆದ ಗೇಟ್‌ವೇ ಚಿತ್ರಮಂದಿರ. ಅದರ ಮೇಲೆ ಈಗ ಕಾಣುವ ಗಡಿಯಾರದ ಗೋಪುರವನ್ನು ವಾರ್ಸಾದ ಅರಮನೆಯ ಗೋಪುರದ ಮಾದರಿಯಲ್ಲಿ ಆಮೇಲೆ ಕಟ್ಟಿದ್ದು.

ಹಬ್ಬ ಹರಡಿಕೊಳ್ಳುವುದು ಈ ಕಟ್ಟಡದ ಸುತ್ತಲಿನ ಡಾಂಬರು ಅಂಗಳದಲ್ಲಿ. ಗಾಡಿ ತಳ್ಳಲು ಸಲೀಸು, ಬಿಸಿಲಿಗೆ ಕಷ್ಟ. ಲೇಬರ್ ಡೇ ಹೊತ್ತಿಗೆ ಮಧ್ಯಾಹ್ನ ಮೂವತ್ತು ಡಿಗ್ರಿ ದಾಟುವುದುಂಟು. ಡಾಂಬರು ಹೀರಿದ ಕಾವು ಸಂಜೆ ಆರರವರೆಗೂ ಬಿಡುವುದಿಲ್ಲ. ಗಾಡಿಯಲ್ಲಿ ಕೂತ ಮಗು ನೆಲಕ್ಕೆ ಹತ್ತಿರವಿರುವುದರಿಂದ ದೊಡ್ಡವರಿಗಿಂತ ಹೆಚ್ಚು ಬಿಸಿ ಅದಕ್ಕೇ ತಾಗುತ್ತದೆ. ಗಾಡಿಯ ಮೇಲೆ ದಪ್ಪ ಬಟ್ಟೆ ಹೊದಿಸಿದರೆ ಒಳಗಿನ ಗಾಳಿ ನಿಂತು ಸೆಕೆ ಇನ್ನೂ ಏರುತ್ತದೆ. ಕ್ಲಿಪ್ಪಿನ ಛತ್ರಿ ಸಿಕ್ಕಿಸುವುದು ವಾಸಿ. ಕಟ್ಟಡದ ಒಳಗೆ ಕಾರ್ಯಕ್ರಮವಿದ್ದರೆ ಅದನ್ನು ಮಧ್ಯಾಹ್ನದ ಉರಿಬಿಸಿಲಿಗೆ ಇಟ್ಟುಕೊಳ್ಳಿ.

ಇದರ ದೊಡ್ಡ ಅನುಕೂಲ ರೈಲು. ಬ್ಲೂ ಲೈನಿನ ಜೆಫರ್ಸನ್ ಪಾರ್ಕ್ ನಿಲ್ದಾಣದಿಂದ ನಡೆದೇ ಹೋಗಬಹುದು, ನಿಲ್ದಾಣದಲ್ಲಿ ಲಿಫ್ಟ್ ಇದೆ. ಡೌನ್‌ಟೌನಿನಿಂದ ಅರ್ಧ ಗಂಟೆ ಸಾಕು. ಪ್ಯಾಲಟೈನ್, ಆರ್ಲಿಂಗ್ಟನ್ ಹೈಟ್ಸ್, ಡೆಸ್ ಪ್ಲೇನ್ಸ್ ಕಡೆಯವರಿಗೆ ಯೂನಿಯನ್ ಪೆಸಿಫಿಕ್ ನಾರ್ತ್‌ವೆಸ್ಟ್ ಮಾರ್ಗದ ಮೆಟ್ರಾ ರೈಲು ಇದೇ ಜಾಗದಲ್ಲಿ ನಿಲ್ಲುತ್ತದೆ. ನೇಪರ್ವಿಲ್‌ನವರಿಗೆ ಈ ಭಾಗ್ಯವಿಲ್ಲ. ಅವರ ಮಾರ್ಗ ಬೇರೆ, ಡೌನ್‌ಟೌನಿಗೆ ಹೋಗಿ ಬದಲಿಸಬೇಕು. ಜನ ಎಡವುವುದು ಇಲ್ಲಿ: ಭಾನುವಾರವೂ ಲೇಬರ್ ಡೇ ಸೋಮವಾರವೂ ಮೆಟ್ರಾ ರೈಲುಗಳು ಕಡಿಮೆ. ವಾಪಸು ರೈಲಿನ ಸಮಯ ನೋಡಿಕೊಳ್ಳದೆ ಹೊರಟರೆ, ನಿದ್ದೆಗಣ್ಣಿನ ಮಗುವಿನ ಜೊತೆ ನಿಲ್ದಾಣದಲ್ಲಿ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಕಾರು ತಂದವರು ಅಕ್ಕಪಕ್ಕದ ಬೀದಿಗಳ ಪಾರ್ಕಿಂಗ್ ಫಲಕ ಓದದೆ ನಿಲ್ಲಿಸಬಾರದು.

ಈ ಹಬ್ಬದ ಸ್ವಭಾವ ಹಗಲಿಗೊಂದು, ರಾತ್ರಿಗೊಂದು. ಹಗಲು ಕುಟುಂಬಗಳದು. ಕತ್ತಲಾದ ಮೇಲೆ ರಾಕ್ ಸಂಗೀತದ ತಂಡಗಳು, ಬಿಯರ್ ಹಿಡಿದ ಜನ, ಕಿವಿ ತುಂಬುವ ಸದ್ದು. ಮಕ್ಕಳಿದ್ದರೆ ಬಾಗಿಲು ತೆರೆದ ಮೊದಲ ತಾಸಿನಲ್ಲೇ ಒಳಗೆ ಸೇರಿ, ಸಂಜೆ ಐದಕ್ಕೆ ಹೊರಬೀಳುವುದು ಜಾಣತನ. ಪ್ರವೇಶಕ್ಕೆ ಟಿಕೆಟ್ ಉಂಟು. ಮುಂಗಡ ದರ, ಮಕ್ಕಳ ರಿಯಾಯಿತಿ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹೋಗುವ ವಾರದಲ್ಲೇ ನೋಡಿಕೊಳ್ಳಿ.

ಮಿಲ್ವಾಕಿ: ಪೋಲಿಷ್ ಫೆಸ್ಟ್

ಶಿಕಾಗೊದಿಂದ ಉತ್ತರಕ್ಕೆ ಸುಮಾರು 145 ಕಿ.ಮೀ. ದೂರ. 1982ರಲ್ಲಿ ಶುರುವಾದ ಈ ಹಬ್ಬ ಜೂನ್ ತಿಂಗಳಲ್ಲಿ ಶುಕ್ರವಾರದಿಂದ ಭಾನುವಾರದವರೆಗೆ ನಡೆಯುತ್ತದೆ. ಸ್ಥಳ ಮಿಷಿಗನ್ ಸರೋವರದ ದಂಡೆಯ ಹೆನ್ರಿ ಮೇಯರ್ ಫೆಸ್ಟಿವಲ್ ಪಾರ್ಕ್, ಸಮ್ಮರ್‌ಫೆಸ್ಟ್ ಎಂಬ ದೊಡ್ಡ ಸಂಗೀತೋತ್ಸವದ ಅಂಗಳವೂ ಇದೇ.

ಹಬ್ಬಗಳಿಗಾಗಿಯೇ ಕಟ್ಟಿದ ಜಾಗ ಎನ್ನುವುದೇ ಇದರ ಹೆಚ್ಚುಗಾರಿಕೆ. ಪ್ಲಾಸ್ಟಿಕ್ ಗೂಡಿನ ಬದಲು ನೀರು ಬರುವ ಪಕ್ಕಾ ಶೌಚಾಲಯ. ಸೂರಿರುವ ವೇದಿಕೆ, ಬೆಂಚು, ಊಟದ ಮೇಜು, ಅಗಲವಾದ ಕಾಂಕ್ರೀಟು ದಾರಿ. ಮಂಡಿ ನೋವಿನ ಅತ್ತೆ, ಡಯಾಪರು ಬದಲಿಸಬೇಕಾದ ಮಗು ಇಬ್ಬರಿಗೂ ಈ ನಾಲ್ಕರಲ್ಲಿ ಇಷ್ಟು ಆರಾಮ ಬೇರೆಲ್ಲೂ ಸಿಗುವುದಿಲ್ಲ. ಮಕ್ಕಳ ಕೈಗೆ ಕೆಲಸ ಕೊಡುವ ಸಾಂಸ್ಕೃತಿಕ ಮೂಲೆಯೂ ಇಲ್ಲೇ ಚೆನ್ನಾಗಿದೆ. ಮಡಿಸಿದ ಬಣ್ಣದ ಕಾಗದವನ್ನು ಕತ್ತರಿಸಿ ಕೋಳಿ, ಹೂವು ಬಿಡಿಸುವ ವಿಚಿನಾಂಕಿ, ಮೇಣ ಬರೆದು ಬಣ್ಣದಲ್ಲಿ ಅದ್ದುವ ಪಿಸಾಂಕಿ ಮೊಟ್ಟೆ, ಎಳೆಯರ ಶೋಪಾನ್ ಪಿಯಾನೋ ಸ್ಪರ್ಧೆ. ಪಿಯಾನೋ ಕಲಿಯುತ್ತಿರುವ ಮಗಳಿದ್ದರೆ ಅದೊಂದಕ್ಕಾಗಿಯೇ ಹೋಗಬಹುದು.

ತೊಂದರೆ ಬರುವುದು ಚಳಿಯಿಂದ. ಜೂನ್‌ನಲ್ಲೂ ಸರೋವರದ ನೀರು ತಣ್ಣಗೇ ಇರುತ್ತದೆ. ಗಾಳಿ ಪೂರ್ವದಿಂದ ತಿರುಗಿದರೆ ಊರೊಳಗೆ ಅಂಗಿ ಅಂಟುವ ಸೆಕೆ ಇದ್ದಾಗಲೂ ದಂಡೆಯಲ್ಲಿ ಕೈಕಾಲು ಜುಮ್ಮೆನ್ನುತ್ತದೆ. ಫೋನಿನಲ್ಲಿ ಊರಿನ ಹವೆ ನೋಡಿ ಅರ್ಧ ತೋಳಿನ ಅಂಗಿಯಲ್ಲಿ ಹೊರಟವರು ಸಂಜೆ ನಡುಗುತ್ತಾರೆ. ತಲಾ ಒಂದು ಸ್ವೆಟರು, ಹಿರಿಯರಿಗೆ ಶಾಲು, ಮಗುವಿಗೆ ಟೋಪಿ ಇರಲೇಬೇಕು.

ಶಿಕಾಗೊದಿಂದ ಆಮ್‌ಟ್ರಾಕ್‌ನ ಹಯಾವಾಥಾ ರೈಲು ಸುಮಾರು ಒಂದೂವರೆ ಗಂಟೆಯಲ್ಲಿ ತಲುಪಿಸುತ್ತದೆ. ನಿಲ್ದಾಣದಿಂದ ಹಬ್ಬದ ಅಂಗಳಕ್ಕೆ ಸುಮಾರು 2 ಕಿ.ಮೀ. ನಡೆಯಬಹುದು, ಆದರೆ ಬರುವಾಗ ಮಗು ಹೆಗಲ ಮೇಲಿರುತ್ತದೆ ಎಂಬುದು ನೆನಪಿರಲಿ. ನಾಲ್ಕು ಜನರಿದ್ದರೆ ರೈಲು ಟಿಕೆಟ್ಟಿಗಿಂತ ಕಾರು ಮತ್ತು ಪಾರ್ಕಿಂಗ್ ಸೇರಿಯೂ ಅಗ್ಗವಾಗುವ ಸಾಧ್ಯತೆ ಹೆಚ್ಚು.

ಶಿಕಾಗೊ ಸುತ್ತಮುತ್ತಲಿನವರು ಈ ಎರಡರ ನಡುವೆ ತೂಗಿ ನೋಡುವುದು ಸಹಜ. ತಿಂಗಳೇ ಬೇರೆಯಾದ್ದರಿಂದ ಎರಡಕ್ಕೂ ಹೋಗಲು ಅಡ್ಡಿಯಿಲ್ಲ. ಒಂದೇ ಆಗಬೇಕೆಂದರೆ ಮಿಲ್ವಾಕಿಯ ಕಡೆಗೇ ನಮ್ಮ ಒಲವು, ಮುಖ್ಯವಾಗಿ ಆ ಶೌಚಾಲಯಗಳ ದೆಸೆಯಿಂದ. ಬೆಳೆದ ಮಕ್ಕಳಿಗೆ, ಹಾಡು ಕೇಳಲೆಂದೇ ಹೋಗುವವರಿಗೆ ಈ ಲೆಕ್ಕ ತಿರುಗಾಮುರುಗಾ ಆಗಬಹುದು.

ಟೊರಾಂಟೊ: ರಾನ್ಸೆಸ್‌ವ್ಯಾಲ್ಸ್ ಬೀದಿ ಹಬ್ಬ

ಸೆಪ್ಟೆಂಬರ್ ನಡುವಿನ ಒಂದು ಶನಿವಾರ, ಭಾನುವಾರ. ರಾನ್ಸೆಸ್‌ವ್ಯಾಲ್ಸ್ ಅವೆನ್ಯೂಗೆ ವಾಹನ ಬಿಡದೆ ಬೀದಿಯನ್ನೇ ಜಾತ್ರೆ ಮಾಡುತ್ತಾರೆ. ಬೇಲಿಯಿಲ್ಲ, ಗೇಟಿಲ್ಲ, ಟಿಕೆಟ್ಟಿಲ್ಲ. ಚೀಲ ತಪಾಸಣೆಯ ಕಿರಿಕಿರಿ ಇಲ್ಲದ್ದರಿಂದ ಮನೆಯ ಚಪಾತಿ, ಚಿತ್ರಾನ್ನ ಒಯ್ಯಲು ಅಳುಕಬೇಕಿಲ್ಲ. ಉಳಿದ ಮೂರು ಕಡೆ ಹೊರಗಿನ ತಿಂಡಿಯ ನಿಯಮ ಮೊದಲೇ ಓದಿಕೊಳ್ಳಬೇಕು. ಮಗುವಿನ ಆಹಾರಕ್ಕೆ ಸಾಮಾನ್ಯವಾಗಿ ತಕರಾರಿರುವುದಿಲ್ಲ, ದೊಡ್ಡವರ ಡಬ್ಬಿಗೆ ಇರುತ್ತದೆ.

ಡಂಡಾಸ್ ವೆಸ್ಟ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ದಕ್ಷಿಣಕ್ಕೆ ನಡೆಯುವುದು ಸುಲಭದ ದಾರಿ. 12 ವರ್ಷದವರೆಗಿನ ಮಕ್ಕಳಿಗೆ ನಗರ ಸಾರಿಗೆಯಾದ ಟಿಟಿಸಿಯಲ್ಲಿ ದುಡ್ಡಿಲ್ಲ. ಬ್ರಾಂಪ್ಟನ್ ಕಡೆಯವರು ಗೋ ರೈಲಿನ ಕಿಚನರ್ ಮಾರ್ಗದಲ್ಲಿ ಬಂದು ಬ್ಲೋರ್‌ನಲ್ಲಿ ಇಳಿದರೆ ಅದೇ ಜಾಗ. ಮಾಮೂಲಿ ದಿನ ಈ ಬೀದಿಯಲ್ಲಿ ಓಡುವ 504 ಟ್ರ್ಯಾಮ್ ಹಬ್ಬದ ದಿನ ಬೇರೆ ದಾರಿ ಹಿಡಿಯುತ್ತದೆ. ಹಳಿಗಳು ಮಾತ್ರ ಅಲ್ಲೇ ಇರುತ್ತವೆ. ಮಗುವಿನ ಗಾಡಿಯ ಸಣ್ಣ ಮುಂಚಕ್ರ ಹಳಿಯ ಸೀಳಿನಲ್ಲಿ ಸಿಕ್ಕಿ ಗಾಡಿ ಮುಗ್ಗರಿಸುವುದು ಇಲ್ಲಿನ ಹಳೆಯ ಕಾಟ. ಹಳಿಗೆ ಸಮನಾಗಿ ತಳ್ಳಬೇಡಿ. ದಾಟಬೇಕಾದಲ್ಲಿ ಹಳಿಗೆ ಅಡ್ಡಲಾಗಿ, ಮುಂಚಕ್ರ ತುಸು ಎತ್ತಿ ದಾಟಿಸಿ.

ಶೌಚಾಲಯ ಇಲ್ಲಿನ ಬಲಹೀನತೆ. ಹೋಟೆಲು, ಕಾಫಿ ಅಂಗಡಿ ಬೇಕಾದಷ್ಟಿವೆ, ಆದರೆ ಗಿರಾಕಿಗಳಿಗೆ ಮಾತ್ರ ಬಾಗಿಲು ತೆಗೆಯುತ್ತವೆ. ಒಂದು ಕಾಫಿಯ ದುಡ್ಡನ್ನು ಇದಕ್ಕೇ ಎಂದು ಎತ್ತಿಡಿ. ಮಕ್ಕಳು ಗದ್ದಲಕ್ಕೆ ಬೇಸತ್ತರೆ ಪಶ್ಚಿಮಕ್ಕೆ ನಡೆದು ಹೋಗುವಷ್ಟು ಹತ್ತಿರ ಹೈ ಪಾರ್ಕ್ ಇದೆ. ಹೆಮ್ಮರಗಳ ನೆರಳು, ಮರದ ಕೋಟೆಯಂಥ ಆಟದ ಬಯಲು. ಬೆಳಿಗ್ಗೆ ಹಬ್ಬ, ಮಧ್ಯಾಹ್ನ ಪಾರ್ಕು ಎಂದು ದಿನವನ್ನು ಸೀಳಿಕೊಂಡರೆ ಯಾರೂ ಅಳುವುದಿಲ್ಲ.

ಡಾಯ್ಲ್ಸ್‌ಟೌನ್: ಗುಡ್ಡದ ಮೇಲಿನ ಜಾತ್ರೆ

ನ್ಯೂಜೆರ್ಸಿ, ಫಿಲಡೆಲ್ಫಿಯಾ ಸುತ್ತಲಿನವರಿಗೆ ಹತ್ತಿರದ್ದು ಪೆನ್ಸಿಲ್ವೇನಿಯಾದ ಬಕ್ಸ್ ಕೌಂಟಿಯ ಈ ಹಬ್ಬ. ಚೆನ್‌ಸ್ಟೊಹೋವಾ ಮಾತೆಯ (ಪೋಲೆಂಡಿನ ಆ ಊರಿನ ಮೇರಿ ಮಾತೆಯ) ರಾಷ್ಟ್ರೀಯ ಪುಣ್ಯಕ್ಷೇತ್ರದ ಆವರಣದಲ್ಲಿ, ಲೇಬರ್ ಡೇ ವಾರಾಂತ್ಯ ಮತ್ತು ಅದರ ಮುಂದಿನ ವಾರಾಂತ್ಯ ನಡೆಯುತ್ತದೆ. 1966ರ ಅಕ್ಟೋಬರಿನಲ್ಲಿ ಈ ಚರ್ಚಿನ ಉದ್ಘಾಟನೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಬಂದಿದ್ದರು. ನಮ್ಮ ಕ್ಷೇತ್ರಗಳ ಜಾತ್ರೆಯಂತೆ ಇಲ್ಲಿ ಪೂಜೆಯೂ ತೊಟ್ಟಿಲೂ ಒಂದೇ ಗುಡ್ಡದ ಮೇಲೆ. ಚರ್ಚಿನೊಳಗೆ ಪ್ರಾರ್ಥನೆ ನಡೆಯುವಾಗ ಫೋಟೊಕ್ಕೆಂದು ಓಡಾಡಬೇಡಿ.

ಕಾರಿಲ್ಲದೆ ಇಲ್ಲಿಗೆ ಹೋಗುವ ಯೋಚನೆಯೇ ಬೇಡ. ಊರಿನವರೆಗೆ ರೈಲುಂಟು, ಅಲ್ಲಿಂದ ಗುಡ್ಡ ದೂರ. ನೆಲ ಹುಲ್ಲಿನದು, ಇಳಿಜಾರು. ಹಿಂದಿನ ದಿನ ಮಳೆ ಬಿದ್ದಿದ್ದರೆ ಸಣ್ಣ ಚಕ್ರದ ಗಾಡಿ ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಅಂಥ ದಿನ ಮಗುವನ್ನು ಬೆನ್ನಿಗೋ ಎದೆಗೋ ಕಟ್ಟಿಕೊಳ್ಳುವ ಜೋಳಿಗೆಯೇ ಸರಿ. ಗಾಲಿಕುರ್ಚಿಯಲ್ಲಿ ಬರುವವರಿಗೆ ಒದ್ದೆ ದಿನ ಬೇಡವೇ ಬೇಡ.

ಆಟದ ಯಂತ್ರಗಳಿಗೆ ದಿನವಿಡೀ ಆಡುವ ಕೈಪಟ್ಟಿ ಕೊಳ್ಳುವ ಮುನ್ನ ಮನೆಯಲ್ಲೇ ಮಗುವಿನ ಎತ್ತರ ಅಳೆಯಿರಿ. ಇಂಥ ಜಾತ್ರೆಗಳಲ್ಲಿ 36 ಇಂಚಿಗಿಂತ ಕಡಿಮೆ ಇರುವವರಿಗೆ ಬಹುತೇಕ ಯಂತ್ರಗಳು ನಿಷಿದ್ಧ, 48 ಇಂಚು ದಾಟಿದ ಮೇಲೆಯೇ ದೊಡ್ಡವಕ್ಕೆ ಬಿಡುತ್ತಾರೆ. 36ರ ಒಳಗಿನ ಮಗುವಿಗೆ ಕೈಪಟ್ಟಿ ದಂಡ, ಬಿಡಿ ಟಿಕೆಟ್ ಕೊಳ್ಳಿ. ನಡುವಿನ ಎತ್ತರದವರಿಗೆ ಕೈಪಟ್ಟಿಯ ಬೆಲೆಯನ್ನು ಒಂದು ಆಟದ ಬೆಲೆಯಿಂದ ಭಾಗಿಸಿ. ಉತ್ತರ ಆರೇಳರ ಮೇಲೆ ಬಂದರೆ, ಸಾಲಿನಲ್ಲಿ ಕಾಯುವ ಸಮಯ ಲೆಕ್ಕಹಾಕಿದಾಗ ಅಷ್ಟು ಆಟ ಆಡಿಸಲು ಆಗುವುದೇ ಇಲ್ಲ.

ಬೆನ್ನಿಗೆ ಗರಿಗಳ ರೆಕ್ಕೆ ಕಟ್ಟಿಕೊಂಡ ಹುಸಾರ್ ಸೈನಿಕರ ವೇಷ ಮಕ್ಕಳು ಮರೆಯದ ನೋಟ. 1683ರಲ್ಲಿ ವಿಯೆನ್ನಾದ ಬಳಿ ಯಾನ್ ಸೊಬಿಯೆಸ್ಕಿ ದೊರೆ ಒಟ್ಟೊಮನ್ ಸೈನ್ಯವನ್ನು ಸೋಲಿಸಿದ್ದು ಇಂಥ ಅಶ್ವದಳದ ದಾಳಿಯಿಂದ. ಕೋವಿ ಹಾರಿಸುವ ಪ್ರದರ್ಶನವಿದ್ದರೆ ಎಳೆಗೂಸಿನ ಕಿವಿಗೆ ಮುಚ್ಚಳ ಹಾಕಿ, ದೂರ ನಿಲ್ಲಿ. ಮೊದಲ ವಾರಾಂತ್ಯಕ್ಕಿಂತ ಎರಡನೆಯದರಲ್ಲಿ ಉಸಿರಾಡಲು ಜಾಗ ಹೆಚ್ಚು. ರಜೆಯ ಜನ ಮೊದಲನೆಯದಕ್ಕೇ ಮುಗಿಬೀಳುತ್ತಾರೆ.

ಸಿಯಾಟಲ್‌ನವರಿಗೆ ಜುಲೈಯಲ್ಲಿ ಸಿಯಾಟಲ್ ಸೆಂಟರಿನಲ್ಲಿ ಒಂದೇ ದಿನದ ಉಚಿತ ಹಬ್ಬವಿದೆ. ಚಿಕ್ಕದು, ಅರ್ಧ ದಿನಕ್ಕೆ ಸಾಕು. ಸೂರಿನಡಿ ನಡೆಯುವ ಭಾಗವಿರುವುದರಿಂದ ಮಳೆಯ ಭಯವಿಲ್ಲ.

ಸಸ್ಯಾಹಾರಿಗಳು ಎಲ್ಲಿ ಮೋಸ ಹೋಗುತ್ತಾರೆ

ಊರು ಯಾವುದಾದರೂ ಊಟದ ಪಟ್ಟಿ ಹೆಚ್ಚುಕಮ್ಮಿ ಒಂದೇ. ಆದ್ದರಿಂದ ಇಲ್ಲಿ ಆಯ್ಕೆ ಹಬ್ಬಗಳ ನಡುವೆ ಅಲ್ಲ, ತಟ್ಟೆಗಳ ನಡುವೆ.

ಪಿರೋಗಿ ಎಂದರೆ ಮೈದಾ ಕಣಕದಲ್ಲಿ ಹೂರಣ ತುಂಬಿ, ಕರಿಗಡುಬಿನ ಆಕಾರಕ್ಕೆ ಮಡಿಸಿ, ಕುದಿಯುವ ನೀರಿನಲ್ಲಿ ಬೇಯಿಸಿದ್ದು. ಸಸ್ಯಾಹಾರಿಗಳ ಮೊದಲ ಆಯ್ಕೆ ಪಿರೋಗಿ ರುಸ್ಕಿಯೆ: ಆಲೂಗಡ್ಡೆ, ಪನೀರಿನ ನೆಂಟನಾದ ತ್ವಾರುಗ್ ಚೀಸು, ಹುರಿದ ಈರುಳ್ಳಿ. ಹೆಸರು ರಷ್ಯಾದ್ದಲ್ಲ, ರುಥೇನಿಯಾ ಎಂಬ ಹಳೆಯ ಸೀಮೆಯದು. ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದ 2022ರ ನಂತರ ಪೋಲೆಂಡಿನ ಕೆಲವು ಹೋಟೆಲುಗಳು ಅದನ್ನು ಉಕ್ರೇನಿನ ಪಿರೋಗಿ ಎಂದು ಕರೆಯತೊಡಗಿದವು. ಎರಡನೆಯ ಆಯ್ಕೆ ಹುಳಿ ಹಾಕಿದ ಎಲೆಕೋಸು, ಅಣಬೆಯದು. ಮೂರನೆಯದು ಬ್ಲೂಬೆರಿ, ಸ್ಟ್ರಾಬೆರಿಯಂಥ ಹಣ್ಣಿನದು. ಈರುಳ್ಳಿ ಮುಟ್ಟದ ಮನೆಯವರಿಗೆ ಉಳಿಯುವುದು ಹೆಚ್ಚಾಗಿ ಈ ಸಿಹಿಯದೊಂದೇ.

ಹೂರಣದಲ್ಲಿ ಮಾಂಸವಿಲ್ಲ ಎಂದ ಮಾತ್ರಕ್ಕೆ ತಟ್ಟೆ ಶುದ್ಧ ಎನ್ನುವ ಹಾಗಿಲ್ಲ. ಮೇಲೆ ಕಂದು ಚೂರುಗಳನ್ನು ಉದುರಿಸುತ್ತಾರೆ. ಅದು ಈರುಳ್ಳಿಯೂ ಇರಬಹುದು, ಸ್ಕ್ವಾರ್ಕಿ ಎಂಬ ಹಂದಿಕೊಬ್ಬಿನ ಗರಿಗರಿ ತುಣುಕೂ ಇರಬಹುದು. "ಬೆಸ್ ಸ್ಕ್ವಾರೆಕ್" ಎಂದರೆ ಅದಿಲ್ಲದೆ ಕೊಡಿ ಎಂದು. "ಬೆಸ್ ಮ್ಯೆಂಸಾ" ಎಂದರೆ ಮಾಂಸವಿಲ್ಲದೆ. ಇನ್ನು ಕಾವಲಿ: ಹುರಿದ ಪಿರೋಗಿಯನ್ನು ಕಿಯೆಲ್ಬಾಸಾ ಸಾಸೇಜು ಹೊರಳಿದ ಹೆಂಚಿನ ಮೇಲೆಯೇ ಹುರಿಯುವುದು ಸಾಮಾನ್ಯ. "ಗೊತೊವಾನೆ", ಅಂದರೆ ಬೇಯಿಸಿದ್ದನ್ನು ಕೇಳಿದರೆ ಆ ಅಪಾಯ ಕಡಿಮೆ. ಮೊಟ್ಟೆಯೂ ಬೇಡವೆನ್ನುವವರು ಕಣಕದ ಬಗ್ಗೆ ಕೇಳಲೇಬೇಕು. ಬರೀ ಬಿಸಿನೀರಿನಲ್ಲಿ ನಾದುವವರಿದ್ದಾರೆ, ಮೊಟ್ಟೆ ಹಾಕುವವರೂ ಇದ್ದಾರೆ. "ಬೆಸ್ ಯಾಯೆಕ್" ಎಂದರೆ ಮೊಟ್ಟೆ ಇಲ್ಲದೆ.

ಆಲೂಗಡ್ಡೆ ತುರಿದು ತಟ್ಟಿದ ಪ್ಲಾಟ್ಸ್ಕಿ ನಮ್ಮ ದಪ್ಪ ದೋಸೆಯಂತೆ ಕಂಡರೂ ಅದನ್ನು ಹಿಡಿದಿಡುವುದು ಮೊಟ್ಟೆ. ಬಾರ್ಶ್ಚ್ ಎಂಬ ಬೀಟ್‌ರೂಟ್ ಸಾರು ಕ್ರಿಸ್ಮಸ್ ಹಿಂದಿನ ರಾತ್ರಿ ಮಾಂಸವಿಲ್ಲದೆ ಆಗುತ್ತದೆ, ಜಾತ್ರೆಯಲ್ಲಿ ಎಲುಬಿನ ರಸದಲ್ಲಿ ಆಗಿರುವುದೇ ಹೆಚ್ಚು. ರೈ ಹಿಟ್ಟನ್ನು ಹುಳಿ ಬರಿಸಿ ಕಾಯಿಸುವ ಜುರೆಕ್ ನಮ್ಮ ಅಂಬಲಿಯ ದೂರದ ಸಂಬಂಧಿ. ಆದರೆ ಅದರಲ್ಲಿ ಸಾಸೇಜು, ಮೊಟ್ಟೆ ತೇಲುತ್ತವೆ. ಪೊಂಚ್ಕಿ ಎಂಬ ಜಾಮು ತುಂಬಿದ ಸಿಹಿ ಬೋಂಡವನ್ನು ಸಂಪ್ರದಾಯದಲ್ಲಿ ಹಂದಿಕೊಬ್ಬಿನಲ್ಲೇ ಕರಿಯುವುದು. ಎಲ್ಲಕ್ಕಿಂತ ಜಾಣ ಬಲೆ ಸ್ಮಾಲೆಟ್ಸ್. ಬ್ರೆಡ್ಡಿನ ಮೇಲೆ ಬಿಳಿಯಾಗಿ ಸವರಿ ಉಪ್ಪಿನ ಸೌತೆಕಾಯಿಯ ಜೊತೆ ಕೊಡುತ್ತಾರೆ, ಮಕ್ಕಳು ಬೆಣ್ಣೆಯೆಂದು ಕೈಚಾಚುತ್ತಾರೆ. ಅದು ಅಪ್ಪಟ ಹಂದಿಕೊಬ್ಬು.

ಧೈರ್ಯವಾಗಿ ತಿನ್ನಬಹುದಾದ್ದು ಜಪಿಯೆಕಾಂಕಾ: ಉದ್ದನೆಯ ಅರ್ಧ ಬ್ರೆಡ್ಡಿನ ಮೇಲೆ ಅಣಬೆ, ಚೀಸು ಹಾಕಿ ಸುಟ್ಟು ಕೆಚಪ್ ಗೀಚಿದ್ದು. ಹ್ಯಾಮ್ ಬೇಡ ಎಂದೊಂದು ಮಾತು ಹೇಳಿಬಿಡಿ. ಮಕ್ಕಳು ಪಿರೋಗಿಗಿಂತ ಇದನ್ನೇ ಮೆಚ್ಚುತ್ತಾರೆ. ಹೊಗೆಯಾಡಿಸಿದ ಓಸ್ಚಿಪೆಕ್ ಚೀಸನ್ನು ಸುಟ್ಟು ಕ್ರ್ಯಾನ್‌ಬೆರಿ ಜಾಮಿನ ಜೊತೆ ಕೊಡುತ್ತಾರೆ. ಆ ಹೆಸರಿಗೆ 2008ರಿಂದ ಐರೋಪ್ಯ ಒಕ್ಕೂಟದ ರಕ್ಷಣೆ ಇದೆ, ದಕ್ಷಿಣ ಪೋಲೆಂಡಿನ ಬೆಟ್ಟಗಾಡಿನಲ್ಲಿ ಮುಖ್ಯವಾಗಿ ಕುರಿಹಾಲಿನಿಂದ ಮಾಡಿದ್ದು ಮಾತ್ರ ಅಸಲಿ. ಅಮೆರಿಕದ ಮಳಿಗೆಯಲ್ಲಿ ಸಿಗುವುದು ಹೆಚ್ಚಾಗಿ ಅದರ ತಮ್ಮ. ಬಾಯಿಗೆ ಖಾರ ಬೇಕೆಂದು ಕೆಂಪಗಿನ ಹ್ಶಾನ್ (ಹಾರ್ಸ್‌ರ‍್ಯಾಡಿಶ್ ಎಂಬ ಬೇರಿನ) ಚಟ್ನಿಯನ್ನು ಚಮಚೆಗಟ್ಟಲೆ ಹಾಕಿಕೊಳ್ಳಬೇಡಿ. ಅದು ಮೆಣಸಿನಕಾಯಿಯ ಖಾರವಲ್ಲ. ಹಸಿ ಸಾಸಿವೆಯಂತೆ ಮೂಗಿಗೆ ಏರುತ್ತದೆ.

ಒಂದು ತಟ್ಟೆಯಲ್ಲಿ ಆರು ಪಿರೋಗಿ ಆಸುಪಾಸು. ನಾಲ್ವರಿಗೆ ಮೊದಲು ಎರಡು ತಟ್ಟೆ, ಒಂದು ಜಪಿಯೆಕಾಂಕಾ ತಂದು ನೋಡಿ. ಊಟಕ್ಕೆ ಹನ್ನೊಂದೂವರೆ, ತಪ್ಪಿದರೆ ಮೂರೂವರೆ ಒಳ್ಳೆಯ ಹೊತ್ತು. ಒಂದರಿಂದ ಎರಡರವರೆಗೆ ಸಾಲು ಹಾವಿನಂತೆ ಬೆಳೆಯುತ್ತದೆ. ಚರ್ಚಿನ ಹೆಂಗಸರು ಕೈಯಿಂದ ಮಾಡಿದ ಪಿರೋಗಿ ಬೇಕೆಂದರೆ ಕೊನೆಯ ದಿನದ ಸಂಜೆಯನ್ನು ನಂಬಬೇಡಿ. ಅವನ್ನು ಮುಂಚೆಯೇ ಮಾಡಿ ತಣ್ಣಗೆ ಇಟ್ಟಿರುತ್ತಾರೆ, ಮುಗಿದರೆ ಅಲ್ಲೇ ಮಡಿಸಿ ಕೊಡಲಾಗುವುದಿಲ್ಲ. ನಾಲ್ವರಿಗೆ ನಲವತ್ತು ಡಾಲರಾದರೂ ಕೈಯಲ್ಲಿ ನಗದಿರಲಿ, ಸಣ್ಣ ಮಳಿಗೆಗಳ ಕಾರ್ಡ್ ಯಂತ್ರ ಜನಜಂಗುಳಿಯಲ್ಲಿ ಸಿಗ್ನಲ್ ಸಿಗದೆ ಕೈಕೊಡುತ್ತದೆ.

ಕುಣಿತ ಯಾವಾಗ, ಕೊಳ್ಳುವುದು ಏನು

ಜಾನಪದ ಕುಣಿತ ಸಾಮಾನ್ಯವಾಗಿ ಹಗಲಲ್ಲೇ, ಅದರಲ್ಲೂ ಶನಿವಾರ, ಭಾನುವಾರ ಮಧ್ಯಾಹ್ನ. ವೇದಿಕೆಯ ಎದುರಿಗಿಂತ ಪಕ್ಕದಲ್ಲಿ ಕೂತರೆ ಮಗುವಿಗೆ ಪಾದಗಳು ಕಾಣುತ್ತವೆ. ರಾಷ್ಟ್ರೀಯ ಕುಣಿತಗಳು ಐದು: ಪೊಲೊನೆಜ್, ಮಜುರ್, ಕುಯಾವಿಯಾಕ್, ಒಬೆರೆಕ್, ಕ್ರಕೊವಿಯಾಕ್. ನವಿಲುಗರಿಯ ಕೆಂಪು ಟೋಪಿ, ಸೊಂಟಪಟ್ಟಿಯ ಹಿತ್ತಾಳೆ ಉಂಗುರಗಳ ಝಣಝಣ ಕೇಳಿದರೆ ಅದು ಕ್ರಕೊವಿಯಾಕ್. ಗಿರಗಿರನೆ ತಲೆ ತಿರುಗುವಂತೆ ಸುತ್ತಿದರೆ ಒಬೆರೆಕ್. ಜೋಡಿ ಜೋಡಿಯಾಗಿ ಗಂಭೀರವಾಗಿ ನಡೆದು ಬಂದರೆ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಪೊಲೊನೆಜ್. ಸಣ್ಣ ಕೊಡಲಿ ಝಳಪಿಸಿ ಕುಕ್ಕರಗಾಲಲ್ಲಿ ನೆಗೆಯುವವರು ಬೆಟ್ಟದ ಗುರಾಲ ಜನ. ಹುಡುಗರು ಕಣ್ಣು ಮಿಟುಕಿಸದೆ ನೋಡುವುದು ಇವರನ್ನೇ.

ನೀಲಿ ಚುಕ್ಕೆಯ ಬೊಲೆಸ್ವಾವಿಯೆಟ್ಸ್ ಪಿಂಗಾಣಿ ದುಬಾರಿಯಾದರೂ ಬಾಳಿಕೆಯದು, ಓವನ್ನಿಗೂ ಮೈಕ್ರೋವೇವಿಗೂ ನಡೆಯುತ್ತದೆ. ಅಂಚನ್ನು ಬೆರಳಿನಿಂದ ಸುತ್ತ ಸವರಿ, ಉಗುರಿನಿಂದ ತಟ್ಟಿ ನೋಡಿ. ಟಣ್ ಎನ್ನಬೇಕು, ಮಂಕು ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕಿದೆ. ಬಾಲ್ಟಿಕ್ ಅಂಬರ್ ಸರಕ್ಕೆ ಉಪ್ಪುನೀರಿನ ಪರೀಕ್ಷೆ ಪ್ರಸಿದ್ಧ. ಚೆನ್ನಾಗಿ ಉಪ್ಪು ಕರಗಿಸಿದ ನೀರಿನಲ್ಲಿ ಬಿಡಿ ಅಂಬರ್ ತೇಲುತ್ತದೆ, ಗಾಜು ಮುಳುಗುತ್ತದೆ. ಆದರೆ ಎಳೆಯ ರಾಳವಾದ ಕೋಪಲ್ ಕೂಡ ತೇಲುವುದರಿಂದ ಅದರಿಂದಲೇ ತೀರ್ಮಾನವಾಗದು. ಹಲ್ಲು ಬರುವ ಮಗುವಿಗೆ ಒಳ್ಳೆಯದೆಂದು ಅಂಬರ್ ಮಣಿಸರ ಮಾರುವವರು ಇಂಥ ಹಬ್ಬಗಳಲ್ಲಿ ಎದುರಾದರೆ ಕೊಳ್ಳಬೇಡಿ. ಉಸಿರುಗಟ್ಟುವ ಅಪಾಯದ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲೇ ಎಚ್ಚರಿಸಿದೆ. ಪಿಂಗಾಣಿಯನ್ನು ಹೊರಡುವ ಮುನ್ನ ಕೊಳ್ಳಿ. ಬೆಳಿಗ್ಗೆಯೇ ಕೊಂಡು ಮಗುವಿನ ಗಾಡಿಯ ಹಿಡಿಗೆ ನೇತುಹಾಕಿದರೆ, ಮಗುವನ್ನು ಎತ್ತಿಕೊಂಡ ತಕ್ಷಣ ಗಾಡಿ ಹಿಂದಕ್ಕೆ ಮಗುಚಿ ತಟ್ಟೆಗಳು ಚೂರಾಗುತ್ತವೆ.